ಭೀಮೆಯ ನೀರು, ಮುಂಬಯಿಯ ದೀಪ

(ಮಹಿಳಾ ವಿಭಾಗದ ಸಭೆಯಲ್ಲಿ ಮಾಡಿದ ಭಾಷಣ)



ಪುಣೆ ಕಡೆ ಹೋಗುವಾಗ ಖೋಪೋಲಿಯಲ್ಲಿ ಘಟ್ಟದ ಮೈಮೇಲೆ ಇಳಿದುಬರುವ ದಪ್ಪ ಕೊಳವೆಗಳನ್ನು ನೀವು ನೋಡಿರಬಹುದು. ಅವು ಅಲ್ಲಿನ ಜಲವಿದ್ಯುತ್ ಕೇಂದ್ರಕ್ಕೆ ನೀರು ಒಯ್ಯುತ್ತವೆ. ಇದು ಜಮ್‌ಶೇಟ್‌ಜಿ ಟಾಟಾ ಅವರ ಕನಸು. ಅವರು 1904ರಲ್ಲಿ ತೀರಿಕೊಂಡರು. ಕೇಂದ್ರ ಶುರುವಾದದ್ದು 1915ರಲ್ಲಿ. ಮೊದಲು ಕರೆಂಟು ಹೋದದ್ದು ಮುಂಬಯಿಯ ಬಟ್ಟೆ ಗಿರಣಿಗಳಿಗೆ.

ಕೆಲಸದ ರೀತಿ ಸರಳ. ಮಳೆಗಾಲದ ನೀರನ್ನು ಲೋಣಾವಳದ ಸುತ್ತಲಿನ ಜಲಾಶಯಗಳಲ್ಲಿ ಹಿಡಿದಿಡುತ್ತಾರೆ. ಅದು ಕೊಳವೆಯೊಳಗೆ ಸುಮಾರು 500 ಮೀಟರ್ ಕೆಳಗಿಳಿದು, ಕಿರಿದಾದ ಬಾಯಿಯಿಂದ ಚಿಮ್ಮಿ, ಚಕ್ರದ ಅಂಚಿನ ಬಟ್ಟಲುಗಳಿಗೆ ಬಡಿಯುತ್ತದೆ. ಚಕ್ರದೊಂದಿಗೆ ಜನರೇಟರಿನ ಅಯಸ್ಕಾಂತ ತಿರುಗಿ, ಸುತ್ತಲಿನ ತಾಮ್ರದ ಸುರುಳಿಗಳಲ್ಲಿ ವಿದ್ಯುತ್ ಹುಟ್ಟುತ್ತದೆ. ಕಲ್ಲಿದ್ದಲು ಬೇಡ, ಹೊಗೆಯಿಲ್ಲ. ಸಂಜೆ ಎಲ್ಲರ ಮನೆಯಲ್ಲೂ ದೀಪ, ಮಿಕ್ಸರ್, ಎಸಿ ಒಟ್ಟಿಗೇ ಶುರುವಾದಾಗ, ಇಂಥ ಕೇಂದ್ರವನ್ನು ಕೆಲವೇ ನಿಮಿಷಗಳಲ್ಲಿ ಚಾಲೂ ಮಾಡಬಹುದು.

'ಕರೆಂಟು ತೆಗೆದ ನೀರಿನಾಗ ಸತ್ವ ಇರೂದಿಲ್ಲ' ಎಂದು ನಮ್ಮ ಕಡೆ ಹಿರಿಯರು ಹೇಳುವುದುಂಟು. ಹಾಗೇನಿಲ್ಲ. ನೀರು ಕಳೆದುಕೊಳ್ಳುವುದು ಎತ್ತರವನ್ನು ಮಾತ್ರ. ಆದರೆ ಖೋಪೋಲಿಯಲ್ಲಿ ಇನ್ನೊಂದು ಬದಲಾಗುತ್ತದೆ, ಅದರ ದಿಕ್ಕು.

ಆ ನೀರು ಇಂದ್ರಾಯಣಿಯದು. ತನ್ನ ಪಾಡಿಗೆ ಬಿಟ್ಟರೆ ಅದು ದೇಹು, ಆಳಂದಿ ದಾಟಿ ಭೀಮೆಯನ್ನು ಸೇರಿ, ಪಂಢರಪುರದ ಮೇಲಿಂದ ನಮ್ಮ ಗಾಣಗಾಪುರಕ್ಕೆ ಬರಬೇಕು. ಚಕ್ರ ತಿರುಗಿಸಿದ ಮೇಲೆ ಅದು ಪಶ್ಚಿಮಕ್ಕೆ, ಪಾತಾಳಗಂಗೆಗೆ ಹೋಗುತ್ತದೆ. ಭಿವಪುರಿ, ಭಿರಾ ಕೇಂದ್ರಗಳ ಕಥೆಯೂ ಇಂಥದ್ದೇ. ಕೆಳಗಿನ ಊರು, ಕಾರ್ಖಾನೆಗಳಿಗೆ ಈ ನೀರು ಆಸರೆಯಾಗಿದೆ, ಅದನ್ನೂ ಹೇಳಬೇಕು. ಆದರೂ ಬರ ಬಂದ ವರ್ಷ ಇದನ್ನು ಪೂರ್ವಕ್ಕೇ ಬಿಡಿ ಎಂಬ ಬೇಡಿಕೆ ಮಹಾರಾಷ್ಟ್ರದಲ್ಲೇ ಕೇಳಿಬರುತ್ತದೆ.

ನಾನು ಅಫಜಲಪುರ ತಾಲ್ಲೂಕಿನ ಭೀಮಾತೀರದವಳು. ಬೇಸಿಗೆಯಲ್ಲಿ ಹೊಳೆಯ ಮರಳಿನಲ್ಲಿ ಒರತೆ ತೋಡಿ, ಬಟ್ಟಲಿನಿಂದ ಕೊಡ ತುಂಬಿದವಳು. ಇಲ್ಲಿ ಮೂವತ್ತು ವರ್ಷಗಳಿಂದ ಸ್ವಿಚ್ ಒತ್ತಿದ ಕೂಡಲೇ ದೀಪ ಪಡೆಯುತ್ತಿದ್ದೇನೆ. ತವರಿನ ಹೊಳೆಗೂ ಗಂಡನ ಮನೆಯ ದೀಪಕ್ಕೂ ಇಷ್ಟು ಹತ್ತಿರದ ನಂಟು! ಹಾಗಾಗಿ ಒಂದೆರಡು ಮಾತು ಕೇಳಿಕೊಳ್ಳುತ್ತೇನೆ. ಇಸ್ತ್ರಿ, ವಾಷಿಂಗ್ ಮೆಷಿನ್ ಕೆಲಸವನ್ನು ಸಂಜೆಗೆ ಇಟ್ಟುಕೊಳ್ಳದೆ ಹಗಲಿನಲ್ಲೇ ಮುಗಿಸೋಣ. ಮಕ್ಕಳಿಗೆ ಬರೀ 'ಬಿಲ್ ಬರುತ್ತೆ, ಫ್ಯಾನ್ ಆರಿಸು' ಎನ್ನುವ ಬದಲು, ಆ ಕರೆಂಟಿನಲ್ಲಿ ಅಜ್ಜಿಯ ಊರಿನ ನೀರೂ ಇದೆ ಎಂದು ಹೇಳೋಣ.