ಅಜ್ಜ, ಅಜ್ಜಿ, ಮೊಮ್ಮಕ್ಕಳು ಮತ್ತು ನಾಲ್ಕು ಮಾತು
(ಜಾತ್ರೋತ್ಸವದ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಎಸ್.ಎಸ್.ಎಲ್.ಸಿ. ಮುಗಿಸಿ ಅಂಗಡಿಯಲ್ಲಿ ಕುಳಿತವನು. ಮೊಕ್ತೇಸರರಲ್ಲಿ ಒಬ್ಬನಾದ ಕಾರಣ ಮಾತನಾಡಲೇಬೇಕೆಂದು ಸಮಿತಿಯವರ ಅಪ್ಪಣೆಯಾಗಿದೆ. ವೇದಾಂತ ಹೇಳಲು ವಿದ್ವಾಂಸರಿದ್ದಾರೆ. ಅಂಗಡಿಯಲ್ಲಿ ನಿತ್ಯ ಕಾಣುವ ಒಂದು ವಿಷಯವನ್ನು ಮಾತ್ರ ತಮ್ಮ ಮುಂದಿಡುತ್ತೇನೆ.

ನನ್ನಲ್ಲಿ ಅಕ್ಕಿ ಬೆಲ್ಲದ ಜೊತೆ ಮೊಬೈಲ್ ರೀಚಾರ್ಜ್ ಕೂಡ ಉಂಟು. ಊರಿನ ಎಷ್ಟೋ ಮನೆಗಳಲ್ಲಿ ಈಗ ಇರುವುದು ಅಜ್ಜ ಅಜ್ಜಿ ಇಬ್ಬರೇ. ಮಕ್ಕಳು ಬೆಂಗಳೂರು, ಮುಂಬೈ, ದುಬೈ ಎಂದು ಹೋಗಿದ್ದಾರೆ. ರೀಚಾರ್ಜ್ ಮಾಡಿಸಿದ ಮೇಲೆ, "ಇದರಲ್ಲಿ ಪುಳ್ಳಿಯ ಮುಖ ಕಾಣುವ ಹಾಗೆ ಮಾಡಿಕೊಡು ಮಾರಾಯ" ಎನ್ನುತ್ತಾರೆ. ಮುಖ ಕಾಣುತ್ತದೆ. "ಊಟ ಆಯಿತಾ?" "ಆಯಿತು." "ಶಾಲೆ ಉಂಟಾ?" "ಉಂಟು." ಮತ್ತೆ ಇಬ್ಬರಿಗೂ ಹೇಳಲು ಏನೂ ಇಲ್ಲ. ಮಗು ಕೈ ಬೀಸಿ ಓಡುತ್ತದೆ. ಅಜ್ಜಿ ಆ ಫೋನನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ಅಲ್ಲೇ ನಿಂತಿರುತ್ತಾರೆ. ಅವರಲ್ಲಿ ಪ್ರೀತಿ ಇಲ್ಲವೆಂದು ಯಾರಾದರೂ ಹೇಳಿಯಾರೇ? ಪ್ರೀತಿ ಬೇಕಾದಷ್ಟಿದೆ, ಆಡಲು ಮಾತಿಲ್ಲ.

ನಮ್ಮ ಕಾಸರಗೋಡಿಗೆ ಬಲಿ ಚಕ್ರವರ್ತಿ ವರ್ಷಕ್ಕೆ ಎರಡು ಸಲ ಬರುತ್ತಾನೆ. ಓಣಂಗೆ ಒಮ್ಮೆ, ದೀಪಾವಳಿಯಲ್ಲಿ ಗದ್ದೆಗೆ ದೀಪವಿಟ್ಟು 'ಕೂ' ಹಾಕಿ ಕರೆದಾಗ ಮತ್ತೊಮ್ಮೆ. ಆದರೆ ಬಲಿ ಯಾರ ಮೊಮ್ಮಗ ಎಂದು ಕೇಳಿದರೆ ಹಲವರಿಗೆ ತಟ್ಟನೆ ನೆನಪಾಗದು. ಅವನು ವಿರೋಚನನ ಮಗ, ಭಕ್ತ ಪ್ರಹ್ಲಾದನ ಮೊಮ್ಮಗ. ಭಾಗವತದ ಎಂಟನೆಯ ಸ್ಕಂಧದಲ್ಲಿ ಈ ಪ್ರಸಂಗ ಬರುತ್ತದೆ. ವಾಮನನ ಮೂರನೆಯ ಹೆಜ್ಜೆಗೆ ಸ್ಥಳವಿಲ್ಲದೆ ಬಲಿ ವರುಣಪಾಶದಲ್ಲಿ ಬಂಧಿತನಾಗಿದ್ದಾನೆ. ಆ ಹೊತ್ತಿಗೆ ಅಜ್ಜ ಪ್ರಹ್ಲಾದ ಅಲ್ಲಿಗೆ ಬರುತ್ತಾನೆ. ಕಟ್ಟಿಹಾಕಿದ್ದರಿಂದ ಎಂದಿನಂತೆ ಸತ್ಕರಿಸಲಾಗದೆ ಮೊಮ್ಮಗ ಕಣ್ಣು ತುಂಬಿಕೊಂಡು, ನಾಚಿ, ತಲೆ ತಗ್ಗಿಸಿ ನಮಸ್ಕರಿಸುತ್ತಾನೆ. "ಶುಕ್ರಾಚಾರ್ಯರು ಬೇಡವೆಂದರೂ ಕೇಳಲಿಲ್ಲ, ರಾಜ್ಯ ಕಳೆದೆಯಲ್ಲ" ಎಂದು ಅಜ್ಜ ಗದರಿಸುವುದಿಲ್ಲ. ನಾವಾಗಿದ್ದರೆ ಸುಮ್ಮನಿರುತ್ತಿದ್ದೆವೋ ಇಲ್ಲವೋ! ಪ್ರಹ್ಲಾದ ಭಗವಂತನ ಕಡೆ ತಿರುಗಿ, ಇಂದ್ರಪದವಿ ಕೊಟ್ಟವನೂ ನೀನೇ, ತೆಗೆದುಕೊಂಡವನೂ ನೀನೇ, ಇದು ಇವನ ಮೇಲಿನ ಅನುಗ್ರಹವೇ ಎನ್ನುತ್ತಾನೆ. ಕೊನೆಗೆ ಬಲಿಯನ್ನು ಸುತಲಕ್ಕೆ ಕಳುಹಿಸುವಾಗ ಭಗವಂತ ಪ್ರಹ್ಲಾದನಿಗೂ ಹೇಳುತ್ತಾನೆ: ನೀನೂ ಹೋಗು, ಮೊಮ್ಮಗನ ಜೊತೆ ಸಂತೋಷದಿಂದಿರು. ಎಲ್ಲವನ್ನೂ ಕಳೆದುಕೊಂಡವನಿಗೆ ದೇವರು ಅಜ್ಜನ ಸಹವಾಸವನ್ನು ಕೊಟ್ಟ ಎಂದು ನಾನು ತಿಳಿದುಕೊಂಡಿದ್ದೇನೆ. ಪಂಡಿತರು ಬೇರೆ ಅರ್ಥ ಹೇಳಿಯಾರು, ಅದು ಅವರಿಗೆ ಬಿಟ್ಟದ್ದು.

ನಾವು ದಿನಾ ಹೇಳುವ ವಿಷ್ಣುಸಹಸ್ರನಾಮವೂ ಇಂಥದೇ ಮಾತುಕತೆ. ಧರ್ಮರಾಯ ಪ್ರಶ್ನೆ ಕೇಳಿದ, ಶರಶಯ್ಯೆಯಲ್ಲಿದ್ದ ಪಿತಾಮಹ ಭೀಷ್ಮ ಉತ್ತರ ಹೇಳಿದ. ಮೊಮ್ಮಕ್ಕಳು ಕೇಳದಿದ್ದರೆ ಅಜ್ಜನಲ್ಲಿದ್ದದ್ದು ಅವನ ಜೊತೆಗೇ ಹೋಗುತ್ತಿತ್ತು.

ಹಾಗಾದರೆ ದೂರದಲ್ಲಿರುವ ಮಗುವಿನೊಡನೆ ಎಂತ ಮಾತನಾಡುವುದು? ನನ್ನ ಗಿರಾಕಿಗಳಲ್ಲಿ ಒಬ್ಬ ಅಜ್ಜಿ ಇದ್ದಾರೆ. ಅವರ ಮೊಮ್ಮಗಳು ಗಲ್ಫ್‌ನಲ್ಲಿ. ಮನೆಯ ದನ ಕರು ಹಾಕಿದ ದಿನ ಆ ಅಜ್ಜಿ ಫೋನಿನಲ್ಲಿ ಊಟದ ವಿಷಯ ಎತ್ತಲೇ ಇಲ್ಲ. "ಕರುವಿಗೆ ಎಂತ ಹೆಸರಿಡುವ, ನೀನೇ ಹೇಳು ಮಗಾ" ಎಂದು ಕೇಳಿದರು. ಮಗು ಎರಡು ದಿನ ಆಲೋಚನೆ ಮಾಡಿ ಹೆಸರು ಹೇಳಿತು. ಈಗ ಅಲ್ಲಿಂದಲೇ ಫೋನ್ ಬರುತ್ತದೆ. ಕರು ಹುಲ್ಲು ತಿಂದಿತಾ, ಮಳೆಗೆ ನೆನೆಯಿತಾ ಎಂದು ವಿಚಾರಣೆ! ನಡುವೆ ಅಜ್ಜಿಯ ಮಂಡಿನೋವನ್ನೂ ಅದು ಕೇಳುತ್ತದಂತೆ. ನಾವು ಹಿರಿಯರು "ನಮ್ಮ ಕಾಲದಲ್ಲಿ ಹೀಗಿರಲಿಲ್ಲ" ಎಂದು ಆರಂಭಿಸಿದರೆ ಮಗು ಅಲ್ಲಿಗೇ ಕಿವಿ ಮುಚ್ಚಿತು. ನಮ್ಮ ಕಾಲದ್ದು ಹೇಳಬೇಕು, ಕಥೆಯಾಗಿ ಹೇಳಬೇಕು. 1992ರಲ್ಲಿ ಮಧೂರಿನ ಮೂಡಪ್ಪ ಸೇವೆ ಕಂಡವರು 2025ರಲ್ಲಿ ಮತ್ತೆ ಅದು ನಡೆದಾಗ ಮೊಮ್ಮಕ್ಕಳ ಕೈ ಹಿಡಿದುಕೊಂಡು ಹೋದರು. 33 ವರ್ಷ ಹಿಂದಿನ ಗೌಜಿ ಹೇಗಿತ್ತೆಂದು ಆ ಮಕ್ಕಳಿಗೆ ಬೇರೆ ಯಾರು ಹೇಳಬೇಕು?

ಇನ್ನು ತಂದೆತಾಯಿಗಳಿಗೆ ಒಂದು ಮಾತು. ಬೇಸರಿಸಬಾರದು. ಅಜ್ಜಿಯ ಭಾಷೆ ಮಗುವಿಗೆ ಬಾರದಿದ್ದರೆ ಇಬ್ಬರೂ ಎದುರೆದುರು ಕುಳಿತು ನಗಬಹುದು, ಅಷ್ಟೇ. ಎರಡು ಮೂರು ಭಾಷೆಯಾದರೆ ಮಗುವಿಗೆ ಗೊಂದಲವಾಗುತ್ತದೆ ಎನ್ನುವವರಿದ್ದಾರೆ. ನಾವು ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಆಡಿ, ಶಾಲೆಯಲ್ಲಿ ಕನ್ನಡ ಓದಿ, ಪೇಟೆಯಲ್ಲಿ ಮಲಯಾಳ ಮಾತನಾಡಿ ಬೆಳೆದವರು. ನಮಗೆಂಥ ಗೊಂದಲವಾಯಿತು? 1956ರ ನವೆಂಬರ್ 1ರಂದು ನಮ್ಮ ತಾಲೂಕು ಕೇರಳಕ್ಕೆ ಸೇರಿತು. ಕಚೇರಿಯ ಕಾಗದಗಳ ಭಾಷೆ ಬದಲಾಯಿತು. ಆದರೂ ಇಂದು ಈ ಸಭೆ ಕನ್ನಡದಲ್ಲಿ ನಡೆಯುತ್ತಿದೆಯಾದರೆ, ಶಾಲೆಗಳ ಅಧ್ಯಾಪಕರಷ್ಟೇ ಜಗಲಿಯಲ್ಲಿ ಕುಳಿತು ಕಥೆ ಹೇಳಿದ ಅಜ್ಜ ಅಜ್ಜಿಯರೂ ಅದಕ್ಕೆ ಕಾರಣ. ಆಂಗ್ಲ ಮಾಧ್ಯಮಕ್ಕೆ ಕಳುಹಿಸಿ, ನಾನು ಬೇಡವೆನ್ನುವುದಿಲ್ಲ. ಆದರೆ ರಜೆಯಲ್ಲಿ ಒಂದು ತಿಂಗಳು ಮಗುವನ್ನು ಊರಿನಲ್ಲಿ ಬಿಡಿ. ಒಂದೆರಡು ದಿನ ಮುಖ ಊದಿಸಿಕೊಂಡಿರುತ್ತದೆ, ಮತ್ತೆ ಸರಿಯಾಗುತ್ತದೆ.

ಹಿರಿಯರ ಪೋಷಣೆಗಾಗಿ 2007ರಲ್ಲಿ ಕೇಂದ್ರ ಸರಕಾರ ಕಾನೂನನ್ನೇ ಮಾಡಿದೆ. ಅದರಲ್ಲಿ ಮಕ್ಕಳೆಂದರೆ ಪ್ರಾಯಕ್ಕೆ ಬಂದ ಮೊಮ್ಮಕ್ಕಳೂ ಸೇರುತ್ತಾರೆ. ಊಟ, ಬಟ್ಟೆ, ಔಷಧಿಗೆ ಬೇಕಾದ ಹಣ ಕೊಡಿಸಲು ಕಾನೂನಿಗೆ ಸಾಧ್ಯ. ಪಕ್ಕದಲ್ಲಿ ಕುಳಿತು ಮಾತನಾಡಿಸಲು ಯಾವ ನ್ಯಾಯಾಧೀಶರು ಆಜ್ಞೆ ಮಾಡಿಯಾರು?

ಸಮಯವಾಯಿತು, ಮಹಾಪೂಜೆಯ ಗಂಟೆ ಈಗ ಆಗುತ್ತದೆ. ರಾತ್ರಿ ಇದೇ ಅಂಗಣದಲ್ಲಿ 'ವಾಮನ ಚರಿತ್ರೆ' ಬಯಲಾಟವಿದೆ. ಪಾರ್ತಿಸುಬ್ಬನ ಕುಂಬಳೆ ಸೀಮೆಯವರು ನಾವು, ಆಟ ಬಿಟ್ಟು ಮನೆಗೆ ಹೋಗುವುದುಂಟೇ? ಈ ಸಲ ಮುಂದಿನ ಎರಡು ಸಾಲು ಕುರ್ಚಿಗಳನ್ನು ಮೊಮ್ಮಕ್ಕಳನ್ನು ಕರೆದುಕೊಂಡು ಬರುವ ಅಜ್ಜ ಅಜ್ಜಿಯರಿಗೆಂದೇ ಇಡಲು ಸಮಿತಿಯವರಲ್ಲಿ ಕೇಳಿಕೊಂಡಿದ್ದೇನೆ, ಅವರು ಒಪ್ಪಿದ್ದಾರೆ. ರಂಗಕ್ಕೆ ಬಂದವರು ಯಾರೆಂದು ಮಗು ನಡುನಡುವೆ ಕೇಳಿದರೆ ದಯವಿಟ್ಟು ಸುಮ್ಮನಿರಿಸಬೇಡಿ. ಹಿಂದಿನ ಸಾಲಿನವರು ಸ್ವಲ್ಪ ಸಹಿಸಿಕೊಳ್ಳಬೇಕು. ನಿದ್ದೆ ಬಂದ ಮಕ್ಕಳಿಗೆ ಊಟದ ಚಪ್ಪರದಲ್ಲಿ ಚಾಪೆ ಹಾಸಿಡಲಾಗಿದೆ.