ಒಗಟಿನ ಬೇಟೆಯೂ ಬೇಗೂರಿನ ಕಲ್ಲೂ

ಒಗಟು ಕನ್ನಡ ನಾಡಿಗೆ ಹೊಸದಲ್ಲ. ರಾಗಿ ಬೀಸುವಾಗ, ಕಣದ ಕಾವಲಿನ ರಾತ್ರಿಗಳಲ್ಲಿ, ಮದುವೆ ಮನೆಯ ಜಗಲಿಯ ಮೇಲೆ ಒಗಟು ಹೇಳುವುದು, ಬಿಡಿಸುವುದು ಹಳ್ಳಿಯ ಬದುಕಿನ ಒಂದು ಅಂಗವೇ ಆಗಿತ್ತು. ಗಂಡನ ಹೆಸರನ್ನು ನೇರವಾಗಿ ಹೇಳದೆ ಒಡಪಿನಲ್ಲಿ ಹೇಳುವ ಪದ್ಧತಿ ಎಷ್ಟೋ ಮನೆಗಳಲ್ಲಿ ಉಳಿದುಬಂದಿದೆ. ಹನ್ನೆರಡನೆಯ ಶತಮಾನದ ಶರಣರ ಕೈಯಲ್ಲಿ, ಅದರಲ್ಲೂ ಅಲ್ಲಮಪ್ರಭುವಿನ ಕೈಯಲ್ಲಿ, ಇದೇ ಗೂಢ ಮಾತು ಬೆಡಗಿನ ವಚನವಾಗಿ ಬೆಳೆಯಿತು. ಅವುಗಳ ಅರ್ಥ ಬಿಡಿಸಲು ಮುಂದಿನವರು ಟೀಕೆಗಳನ್ನೇ ಬರೆಯಬೇಕಾಯಿತು.

ಜಾನಪದ ಒಗಟಿನಲ್ಲಿ ಕೇಳುವವನೊಬ್ಬ, ಬಿಡಿಸುವವನೊಬ್ಬ. ಜಾಣನಾದವನು ಥಟ್ಟನೆ ಉತ್ತರ ಹೇಳಿದರೆ ಆಟ ಮುಗಿಯಿತು. ಈಗ ಬೆಂಗಳೂರಿನ ಹೊರವಲಯದಲ್ಲಿ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ದುಡಿಯುವ ಯುವಜನರ ನಡುವೆ ಕಾಣುವ ಒಗಟಿನ ಆಟದ ಬಗೆ ಬೇರೆ. ಇದನ್ನು ‘ಪಝಲ್ ಹಂಟ್’ ಎನ್ನುತ್ತಾರೆ. ಸ್ವಲ್ಪ ಸರಳವಾದ ರೂಪಕ್ಕೆ ‘ಟ್ರೆಷರ್ ಹಂಟ್’ ಎಂಬ ಹೆಸರು ಹೆಚ್ಚು ಪರಿಚಿತ. ಕನ್ನಡದಲ್ಲಿ ಒಗಟಿನ ಬೇಟೆ ಎನ್ನಬಹುದು. ಇದನ್ನು ಒಬ್ಬರು ಆಡಲಾಗದು. ನಾಲ್ಕಾರು ಜನರ ತಂಡ ಬೇಕು. ಒಂದರ ಹಿಂದೆ ಒಂದು ಒಗಟು ಬಿಡಿಸುತ್ತ, ಸಿಕ್ಕ ಉತ್ತರಗಳನ್ನೆಲ್ಲ ಕೂಡಿಸಿ ಕೊನೆಗೊಂದು ಜಾಗವನ್ನೋ ವಸ್ತುವನ್ನೋ ತಲುಪಬೇಕು.

ಇಂತಹ ಆಟಗಳಲ್ಲಿ ಬಹು ಪ್ರಸಿದ್ಧವಾದದ್ದು ಅಮೆರಿಕದ ಮೆಸಾಚೂಸೆಟ್ಸ್ ತಾಂತ್ರಿಕ ಸಂಸ್ಥೆಯ ‘ಮಿಸ್ಟರಿ ಹಂಟ್’. 1981ರಲ್ಲಿ ಬ್ರಾಡ್ ಶಾಫರ್ ಎಂಬ ವಿದ್ಯಾರ್ಥಿ ಒಂದೇ ಒಂದು ಹಾಳೆಯಲ್ಲಿ ಸುಳುಹುಗಳನ್ನು ಬರೆದು ಹಂಚಿದ. ಅವನ್ನೆಲ್ಲ ಬಿಡಿಸಿದವರಿಗೆ ಕ್ಯಾಂಪಸ್ಸಿನಲ್ಲಿ ಬಚ್ಚಿಟ್ಟಿದ್ದ ಒಂದು ಹಳೆಯ ನಾಣ್ಯ ಸಿಗುತ್ತಿತ್ತು. ಅಂದಿನಿಂದ ಪ್ರತಿ ಜನವರಿಯಲ್ಲಿ ನಡೆದುಬಂದಿರುವ ಆ ಆಟ ಇಂದು ದಿನಗಟ್ಟಲೆ ಸಾಗುತ್ತದೆ. ನೂರಾರು ಒಗಟುಗಳನ್ನು ದೊಡ್ಡ ದೊಡ್ಡ ತಂಡಗಳು ಹಗಲಿರುಳು ಕೂತು ಬಿಡಿಸುತ್ತವೆ. ಅದರ ಒಂದು ನಿಯಮ ಸ್ವಾರಸ್ಯದ್ದು. ಗೆದ್ದ ತಂಡವೇ ಮುಂದಿನ ವರ್ಷದ ಒಗಟುಗಳನ್ನು ರಚಿಸಬೇಕು. ಬಹುಮಾನವೆಂದರೆ ಒಂದು ವರ್ಷದ ದುಡಿಮೆ!

ಬೆಂಗಳೂರಿನಲ್ಲಿ ಈ ಹವ್ಯಾಸ ಬೇರೂರಲು ಹದವಾದ ನೆಲ ಮೊದಲೇ ಇತ್ತು. 1983ರಲ್ಲಿ ಆರಂಭವಾದ ಕರ್ನಾಟಕ ಕ್ವಿಜ್ ಅಸೋಸಿಯೇಷನ್, ತಂಡವಾಗಿ ಕೂತು ಪಿಸುಮಾತಿನಲ್ಲಿ ಚರ್ಚಿಸಿ ಉತ್ತರ ಕಂಡುಕೊಳ್ಳುವ ಚಟವನ್ನು ಈ ಊರಿಗೆ ಹತ್ತಿಸಿತ್ತು. 2017ರ ಅಕ್ಟೋಬರಿನಲ್ಲಿ ವಿಶ್ವ ಸುಡೋಕು ಮತ್ತು ಪಝಲ್ ಚಾಂಪಿಯನ್‌ಷಿಪ್ ನಡೆದದ್ದೂ ಬೆಂಗಳೂರಿನಲ್ಲಿಯೇ.

ಆಟದ ಒಳಗುಟ್ಟನ್ನು ಒಂದು ಸಣ್ಣ ಉದಾಹರಣೆಯಿಂದ ತಿಳಿಯಬಹುದು. ತಂಡದ ಕೈಗೆ ಮೂರು ಸಾಲುಗಳ ಚೀಟಿ ಬಂದಿದೆ ಎಂದುಕೊಳ್ಳಿ. ‘ಕಲ್ಲಿನ ಸುಂದರಿ ಕನ್ನಡಿ ನೋಡುವ ಊರು’ ಎಂಬುದು ಮೊದಲನೆಯದು. ಶಿಲ್ಪಕಲೆಯಲ್ಲಿ ಆಸಕ್ತಿ ಇದ್ದವರು ಕೂಡಲೇ ಬೇಲೂರು ಎನ್ನುತ್ತಾರೆ. ‘ಹಗಲು ನಿದ್ದೆ, ಇರುಳು ಬೇಟೆ, ಕಣ್ಣು ತಿರುಗದು, ಕತ್ತು ತಿರುಗುವುದು’ ಎಂಬುದು ಎರಡನೆಯದು. ಹಕ್ಕಿಗಳನ್ನು ಬಲ್ಲವರಿಗೆ ಅದು ಗೂಬೆ. ‘ಸುತ್ತಿದರೆ ತಲೆಗೆ ಕಳೆ, ಬಿಚ್ಚಿದರೆ ಬರೀ ಬಟ್ಟೆ’ ಎಂಬುದು ಮೂರನೆಯದು. ಒಬ್ಬರು ಪೇಟ ಎನ್ನುತ್ತಾರೆ, ಇನ್ನೊಬ್ಬರು ರುಮಾಲು ಎನ್ನುತ್ತಾರೆ. ಯಾರದು ಸರಿ? ಉತ್ತರಗಳ ಮೊದಲ ಅಕ್ಷರಗಳನ್ನು ಕೂಡಿಸಿ ನೋಡಿ. ‘ಬೇಗೂಪೇ’ ಎಂಬುದಕ್ಕೆ ಅರ್ಥವಿಲ್ಲ. ‘ಬೇಗೂರು’ ಎಂದಾಗ ದಾರಿ ತೆರೆಯುತ್ತದೆ. ಬಿಡಿ ಉತ್ತರಗಳನ್ನು ಬೆಸೆಯುವ ಇಂತಹ ಮೇಲಿನ ಒಗಟಿಗೆ ಆಟಗಾರರ ಭಾಷೆಯಲ್ಲಿ ‘ಮೆಟಾ’ ಎಂದು ಹೆಸರು. ಬಿಡಿ ಉತ್ತರದಲ್ಲಿ ಉಳಿದ ಅನುಮಾನವನ್ನು ಅದು ಪರಿಹರಿಸುತ್ತದೆ. ತಪ್ಪಿದ್ದರೆ ತೋರಿಸಿಕೊಡುತ್ತದೆ.

ಇಲ್ಲಿ ಗಮನಿಸಬೇಕಾದದ್ದು ಒಂದು. ಶಿಲ್ಪ ಬಲ್ಲವರಿಗೆ ಹಕ್ಕಿ ತಿಳಿಯದಿರಬಹುದು, ಹಕ್ಕಿ ಬಲ್ಲವರಿಗೆ ಹಳೆಯ ಉಡುಪಿನ ಹೆಸರು ತಿಳಿಯದಿರಬಹುದು. ಯಾರೊಬ್ಬರ ತಲೆಯಲ್ಲೂ ಪೂರ್ತಿ ಉತ್ತರವಿಲ್ಲ. ನುರಿತ ತಂಡಗಳು ಒಂದೇ ಬಗೆಯ ಜಾಣರನ್ನು ಕೂಡಿಹಾಕದೆ ಬೇರೆ ಬೇರೆ ತಿಳಿವಳಿಕೆಯವರನ್ನು ಹುಡುಕಿ ಸೇರಿಸಿಕೊಳ್ಳುವುದು ಇದಕ್ಕಾಗಿಯೇ.

ಉದಾಹರಣೆಗೆ ಬೇಗೂರನ್ನೇ ಆರಿಸಿದ್ದಕ್ಕೆ ಕಾರಣವಿದೆ. ಎಲೆಕ್ಟ್ರಾನಿಕ್ ಸಿಟಿಗೆ ಅನತಿ ದೂರದಲ್ಲಿರುವ ಈ ಊರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಒಂದು ವೀರಗಲ್ಲಿದೆ. ಗಂಗರ ಕಾಲದ್ದು, ಕ್ರಿ.ಶ. 900ರ ಸುಮಾರಿನದು. ನಾಗತ್ತರ ಎಂಬ ಅಧಿಕಾರಿಯ ಕಡೆಯವರು ಕಾಳಗದಲ್ಲಿ ಮಡಿದದ್ದನ್ನು ಅದು ಹೇಳುತ್ತದೆ. ಆ ಕಾಳಗ ನಡೆದ ಜಾಗದ ಹೆಸರು ಕಲ್ಲಿನಲ್ಲಿ ಸ್ಪಷ್ಟವಾಗಿಯೇ ಇದೆ: ಬೆಂಗಳೂರು. ಹೊಯ್ಸಳ ಬಲ್ಲಾಳರಾಯ ಬೇಟೆಯಲ್ಲಿ ದಾರಿ ತಪ್ಪಿ ಮುದುಕಿಯೊಬ್ಬಳ ಗುಡಿಸಲಿನಲ್ಲಿ ಬೆಂದ ಕಾಳು ತಿಂದದ್ದರಿಂದ ಊರಿಗೆ ಈ ಹೆಸರು ಬಂತೆಂಬ ಕಥೆಯನ್ನು ಕೇಳದವರಿಲ್ಲ. ಆದರೆ ಬಲ್ಲಾಳರಾಯ ಹುಟ್ಟುವುದಕ್ಕೆ ಇನ್ನೂರು ವರ್ಷಕ್ಕೂ ಹಿಂದೆಯೇ ಬೆಂಗಳೂರು ಇತ್ತೆಂದು ಈ ಕಲ್ಲು ಸಾಕ್ಷಿ ಹೇಳುತ್ತದೆ. ಕೆಂಪೇಗೌಡರು 1537ರಲ್ಲಿ ಕೋಟೆ ಪೇಟೆಗಳನ್ನು ಕಟ್ಟಿದ್ದು ಇನ್ನೂ ಈಚಿನ ಮಾತು. ಒಂದು ನಗರದ ವಯಸ್ಸಿನ ಒಗಟಿಗೆ ಉತ್ತರ ದೇವಸ್ಥಾನದ ಅಂಗಳದಲ್ಲಿ ಸಾವಿರ ವರ್ಷ ಕಾದಿತ್ತು.

ಈ ಬಗೆಯ ಕಲ್ಲುಗಳ ಹುಡುಕಾಟದ ಮೊದಲ ಸುಳುಹಿನ ಪುಸ್ತಕವೆಂದರೆ ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’. ಬೆಂಗಳೂರಿನಲ್ಲಿಯೇ 1837ರಲ್ಲಿ ಹುಟ್ಟಿದ ರೈಸ್, ಮೈಸೂರು ಸಂಸ್ಥಾನದ ಪ್ರಾಚ್ಯವಸ್ತು ಇಲಾಖೆಯ ಮುಖ್ಯಸ್ಥರಾಗಿ ಸಾವಿರಾರು ಶಾಸನಗಳನ್ನು ಸಂಗ್ರಹಿಸಿದರು. ಬೆಂಗಳೂರು ಜಿಲ್ಲೆಗೆ ಮೀಸಲಾದ ಒಂಬತ್ತನೆಯ ಸಂಪುಟ 1905ರಲ್ಲಿ ಅಚ್ಚಾಯಿತು. ಅವರ ನಂತರ ಇಲಾಖೆಗೆ ಬಂದ ಆರ್. ನರಸಿಂಹಾಚಾರ್ಯರು ಕೆಲಸವನ್ನು ಮುಂದುವರಿಸಿದರು. ಬೆಂಗಳೂರಿನ ಹೆಸರು ಹೊತ್ತ ಬೇಗೂರಿನ ಶಾಸನ ಬೆಳಕಿಗೆ ಬಂದದ್ದು ಅವರಿಂದ.

ರೈಸರ ಸಂಪುಟದಲ್ಲಿ ಪ್ರತಿ ಶಾಸನದ ಪಾಠದ ಜೊತೆಗೆ ಅದು ಇದ್ದ ಜಾಗವೂ ದಾಖಲಾಗಿದೆ: ಇಂಥ ಊರಿನ ಇಂಥ ದಿಕ್ಕಿಗೆ, ಇಂಥ ಗುಡಿಯ ಬಳಿ, ಇಂಥವರ ಹೊಲದಲ್ಲಿ ಎಂಬಂತೆ. 1905ರಲ್ಲಿ ಇದು ವಿಳಾಸವಾಗಿತ್ತು. ಇಂದು ಅದೇ ಒಂದು ಒಗಟು! ಕೋಣಪ್ಪನ ಅಗ್ರಹಾರ, ದೊಡ್ಡತೋಗೂರುಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ಎದ್ದಿದೆ. ಪಟ್ಟಂದೂರು ಅಗ್ರಹಾರದ ಪಕ್ಕದಲ್ಲಿ ಐಟಿಪಿಎಲ್‌ನ ಗಾಜಿನ ಕಟ್ಟಡಗಳಿವೆ. ಪೀಣ್ಯದ ಸುತ್ತ ಕಾರ್ಖಾನೆಗಳ ಸಾಲು. ಹೊಲ ಬಡಾವಣೆಯಾಗಿದೆ, ಬಡಾವಣೆಗೆ ಹೊಸ ಹೆಸರು ಬಂದಿದೆ, ಹೊಲದ ಯಜಮಾನನ ಮೊಮ್ಮಕ್ಕಳು ಬೇರೆಡೆ ಹೋಗಿದ್ದಾರೆ. ಕಲ್ಲು ಎಲ್ಲಿ?

ಈ ಪ್ರಶ್ನೆಯನ್ನು ಬೆನ್ನು ಹತ್ತಿದವರು ಬೆಂಗಳೂರಿನಲ್ಲಿದ್ದಾರೆ. ವೃತ್ತಿಯಿಂದ ಎಂಜಿನಿಯರ್ ಆಗಿದ್ದ ಪಿ. ಎಲ್. ಉದಯಕುಮಾರ್ ಮತ್ತು ಗೆಳೆಯರು ರಜಾದಿನಗಳಲ್ಲಿ ಹಳೆಯ ಸಂಪುಟ ಹಿಡಿದು ಕಲ್ಲುಗಳನ್ನು ಹುಡುಕತೊಡಗಿದರು. ಕ್ರಮೇಣ ಅದು ಹಲವು ಆಸಕ್ತರ ಸಾಮೂಹಿಕ ಹವ್ಯಾಸವಾಯಿತು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ 2021ರಲ್ಲಿ ಈ ಕೆಲಸವನ್ನು ಯೋಜನೆಯಾಗಿ ಕೈಗೆತ್ತಿಕೊಂಡು, ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿಸಿ ಉಳಿಸುವ ಏರ್ಪಾಡು ಮಾಡಿತು.

ಇಲ್ಲಿಯೂ ಒಬ್ಬರಿಂದ ಆಗುವ ಕೆಲಸ ಕಡಿಮೆ. ಹಳಗನ್ನಡ ಲಿಪಿ ಓದುವವರು ಬೇಕು. ಹಳೆಯ ನಕ್ಷೆಯ ಊರನ್ನು ಇಂದಿನ ನಕ್ಷೆಯಲ್ಲಿ ಗುರುತಿಸುವವರು ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ಊರಿನ ಹಿರಿಯರು ಬೇಕು. ‘ಅಯ್ಯೋ ಅದಾ, ಮಾರಮ್ಮನ ಗುಡಿ ಹಿಂದೆ ಬಟ್ಟೆ ಒಗೆಯೋ ಕಲ್ಲು’ ಎಂದು ಅಜ್ಜಿಯೊಬ್ಬರು ಹೇಳುವ ಒಂದು ಮಾತಿನ ಬೆಲೆಯನ್ನು ಯಾವ ಉಪಗ್ರಹ ನಕ್ಷೆಯೂ ಕೊಡಲಾರದು. ಶಾಸನದ ಕಲ್ಲು ಮೆಟ್ಟಿಲಾಗಿರುತ್ತದೆ, ಚರಂಡಿಯ ಹಾಸಾಗಿರುತ್ತದೆ, ಸುಣ್ಣ ಬಳಿಸಿಕೊಂಡು ಅರಿಸಿನ ಕುಂಕುಮದ ದೇವರಾಗಿರುತ್ತದೆ. ದೇವರಾದ ಕಲ್ಲು ಉಳಿಯುತ್ತದೆ. ಮಿಕ್ಕವುಗಳ ಗತಿ ಹೇಳಲಾಗದು.

ಸವೆದ ಅಕ್ಷರಗಳ ವಿಷಯದಲ್ಲಿ ಯಂತ್ರ ನೆರವಿಗೆ ಬರುತ್ತದೆ. ಬೆಳಕಿನ ಪಟ್ಟೆಗಳನ್ನು ಕಲ್ಲಿನ ಮೇಲೆ ಹಾಯಿಸಿ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ತಗ್ಗು ದಿಣ್ಣೆಗಳನ್ನೂ ಸ್ಕ್ಯಾನರು ಅಳೆಯುತ್ತದೆ. ಆ ಪ್ರತಿರೂಪವನ್ನು ಗಣಕದ ತೆರೆಯ ಮೇಲೆ ಹೇಗೆ ಬೇಕಾದರೂ ತಿರುಗಿಸಿ, ಬೇಕಾದ ಕಡೆಯಿಂದ ನೆರಳು ಬೀಳಿಸಿ ಓದಬಹುದು. ಆದರೂ ಒಂದು ಅಕ್ಷರ ‘ಪ’ವೋ ‘ವ’ವೋ ಎಂಬ ಅನುಮಾನ ಉಳಿದರೆ, ಅದನ್ನು ತೀರಿಸುವುದು ಇಡೀ ವಾಕ್ಯದ ಅರ್ಥ. ಪೇಟ ಹೋಗಿ ರುಮಾಲು ಉಳಿದದ್ದೂ ಹೀಗೆಯೇ ಅಲ್ಲವೇ?

ಆಟಕ್ಕೂ ಈ ಹುಡುಕಾಟಕ್ಕೂ ದೊಡ್ಡದೊಂದು ವ್ಯತ್ಯಾಸವಿದೆ. ಆಟದಲ್ಲಿ ಉತ್ತರ ಇದ್ದೇ ಇದೆ. ಇಟ್ಟವರು ಅಲ್ಲೇ ಕಾದು ಕೂತಿರುತ್ತಾರೆ. ಕಲ್ಲಿನ ವಿಷಯದಲ್ಲಿ ಆ ಭರವಸೆ ಇಲ್ಲ. ತಂಡ ತಲುಪುವ ಮೊದಲೇ ಜೆಸಿಬಿ ತಲುಪಿರಬಹುದು. ಹೆಬ್ಬಾಳದ ಕಿತ್ತಯ್ಯನ ವೀರಗಲ್ಲು ಅದೃಷ್ಟಶಾಲಿ. ಗಂಗ ದೊರೆ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. 750ರ ಈ ಕಲ್ಲು ಬೆಂಗಳೂರಿನಲ್ಲಿ ಸಿಕ್ಕಿರುವ ಅತಿ ಹಳೆಯ ಕನ್ನಡ ಶಾಸನಗಳ ಸಾಲಿನದು. 2018ರಲ್ಲಿ ನೆಲ ಅಗೆಯುವಾಗ ಅದು ಕಣ್ಣಿಗೆ ಬಿತ್ತು. ಆಸಕ್ತರೂ ಊರವರೂ ಕೂಡಿ ಅದಕ್ಕೊಂದು ಮಂಟಪವನ್ನೇ ಕಟ್ಟಿಸಿದರು. ಅಗೆಯುವವರು ಕಾಣದೆ ಮುಂದೆ ಹೋಗಿದ್ದರೆ, ಕಿತ್ತಯ್ಯ ಎಂಬ ಹೆಸರು ಯಾರಿಗೂ ತಿಳಿಯುತ್ತಿರಲಿಲ್ಲ.

ಇನ್ನೊಂದು ಅಪಾಯ ‘ನಿಧಿ’ ಎಂಬ ಮಾತಿನಲ್ಲಿಯೇ ಇದೆ. ಬರೆದ ಕಲ್ಲಿನ ಕೆಳಗೆ ಚಿನ್ನವಿದೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಹಳೆಯದು. ನಿಧಿಗಳ್ಳರು ಅಮಾವಾಸ್ಯೆಯ ರಾತ್ರಿ ಕಿತ್ತು ಒಡೆದ ಶಾಸನ, ಮೂರ್ತಿಗಳಿಗೆ ಲೆಕ್ಕವಿಲ್ಲ. ಭೂಮಿಯಲ್ಲಿ ದೊರೆತ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಕಾನೂನು 1878ರಷ್ಟು ಹಿಂದೆಯೇ ಬಂದರೂ ಆ ಆಸೆ ಅಡಗಿಲ್ಲ. ಆಟವೂ ಈ ಹುಚ್ಚನ್ನು ಕೆರಳಿಸಬಲ್ಲದು. 1979ರಲ್ಲಿ ಇಂಗ್ಲೆಂಡಿನ ಚಿತ್ರಕಾರ ಕಿಟ್ ವಿಲಿಯಮ್ಸ್ ‘ಮಾಸ್ಕರೇಡ್’ ಎಂಬ ಚಿತ್ರಪುಸ್ತಕದಲ್ಲಿ ಒಗಟು ಹೆಣೆದು, ಚಿನ್ನದ ಮೊಲವೊಂದನ್ನು ನೆಲದಲ್ಲಿ ಹೂತಿಟ್ಟ. 1982ರಲ್ಲಿ ಅದು ಸಿಗುವವರೆಗೆ, ಸುಳುಹನ್ನು ತಪ್ಪಾಗಿ ಓದಿಕೊಂಡ ಜನ ಎಲ್ಲೆಲ್ಲೋ ನೆಲ ಅಗೆದರು. ಆದ್ದರಿಂದ ಕಲ್ಲಿನ ಬೇಟೆಗೆ ಹೊರಡುವವರಿಗೆ ಮೊದಲ ನಿಯಮ: ಅಗೆಯಬಾರದು, ಕದಲಿಸಬಾರದು, ಉಜ್ಜಿ ಗೀಚಬಾರದು. ನೋಡಿ, ಅಳೆದು, ಚಿತ್ರ ತೆಗೆದು, ಊರವರಿಗೂ ಸಂಬಂಧಪಟ್ಟವರಿಗೂ ತಿಳಿಸಬೇಕು. ಓದಿ ಹೇಳಿದ ಮೇಲೆ ಎಷ್ಟೋ ಕಡೆ ಊರವರೇ ಕಾವಲಿಗೆ ನಿಂತಿದ್ದಾರೆ. ಬಟ್ಟೆ ಒಗೆಯುವ ಕಲ್ಲಿನಲ್ಲಿ ತಮ್ಮ ಊರಿನ ಹೆಸರಿದೆ ಎಂದು ತಿಳಿದ ಮೇಲೆ ಅದರ ಮೇಲೆ ಬಟ್ಟೆ ಒಗೆಯಲು ಯಾರಿಗೆ ಮನಸ್ಸು ಬಂದೀತು?

ವೈಟ್‌ಫೀಲ್ಡಿನ ನೆರೆಯ ಕಾಡುಗೋಡಿಯ ಕಲ್ಲು ಹೇಳುವ ಮಾತು ಇಲ್ಲಿ ಬಹಳ ಪ್ರಸ್ತುತ. ರಾಜೇಂದ್ರ ಚೋಳನ ಕಾಲದ, ಕ್ರಿ.ಶ. 1043ರ ಈ ಶಾಸನದ ಭಾಷೆ ತಮಿಳು. ಪಟ್ಟಂದೂರಿನಲ್ಲಿ ಕೆರೆ ಕಟ್ಟಿಸಿ, ಗಣಪತಿ, ದುರ್ಗೆ, ಕ್ಷೇತ್ರಪಾಲರ ಪ್ರತಿಷ್ಠೆ ಮಾಡಿದ ಸಂಗತಿಯನ್ನು ಅದು ದಾಖಲಿಸಿದೆ. ಕಟ್ಟಿಸಿದವನ ಹೆಸರು ರಾಜರಾಜ ವೇಳಾನ್. ಅವನ ತಂದೆಯ ಹೆಸರು ಪೆರ್ಮಾಡಿ ಗಾವುಂಡ. ಮಗನ ಹೆಸರು ಚೋಳರ ಕಡೆಯದು, ತಂದೆಯದು ಅಪ್ಪಟ ಕನ್ನಡದ್ದು! ದೊರೆ ಬದಲಾದಂತೆ ಬಿರುದು ಬದಲಾಯಿತು, ಬರೆಸುವ ಭಾಷೆ ಬದಲಾಯಿತು. ಊರವರಿಗೆ ಬೇಕಾದ ಕೆರೆ ಮಾತ್ರ ಕೆರೆಯಾಗಿಯೇ ಉಳಿಯಿತು. ಇಲ್ಲಿಯವರು ಯಾರು, ಹೊರಗಿನವರು ಯಾರು ಎಂಬ ಮಾತು ಪದೇ ಪದೇ ಕಾವೇರುವ ಇದೇ ವೈಟ್‌ಫೀಲ್ಡಿನಲ್ಲಿ ಆ ಕಲ್ಲನ್ನು ಓದಲು ತಮಿಳು ಬಲ್ಲವರೂ ಬೇಕು, ಗಾವುಂಡ ಎಂದರೆ ಗೌಡ ಎಂದು ಬಿಡಿಸಿ ಹೇಳುವ ಕನ್ನಡದವರೂ ಬೇಕು, ಕಲ್ಲು ಎಲ್ಲಿದೆಯೆಂದು ತೋರಿಸುವ ಕಾಡುಗೋಡಿಯ ಹಳಬರೂ ಬೇಕು.

ನಾನಾ ರಾಜ್ಯಗಳಿಂದ ಬಂದು, ಒಂದೇ ಕಟ್ಟಡದಲ್ಲಿ ದುಡಿದೂ ಪರಸ್ಪರ ಅಪರಿಚಿತರಾಗಿ, ಕಾಲ ಕೆಳಗಿನ ಊರಿನ ಹೆಸರೂ ತಿಳಿಯದೆ ಸಂಜೆ ಬಸ್ಸು ಹತ್ತುವವರು ಈ ವಲಯದಲ್ಲಿ ಬಹಳ ಮಂದಿ. ಒಗಟಿನ ಬೇಟೆ ಅಂಥವರನ್ನು ಒಂದು ಮೇಜಿನ ಸುತ್ತ ಕೂರಿಸುತ್ತದೆ. ‘ನನಗೆ ಇಷ್ಟೇ ಗೊತ್ತು, ಮಿಕ್ಕದ್ದು ನೀವು ಹೇಳಿ’ ಎನ್ನುವ ವಿನಯವನ್ನು ಕಲಿಸುತ್ತದೆ. ಕಲ್ಲಿನ ಬೇಟೆ ಅದೇ ಮೇಜಿಗೆ ಹಳ್ಳಿಯ ಅಜ್ಜಿಯನ್ನೂ ಕರೆತರುತ್ತದೆ. ಅಮೆರಿಕದ ಆಟದಲ್ಲಿ ಗೆದ್ದವರ ಮೇಲೆ ಮುಂದಿನ ವರ್ಷದ ಆಟಗಾರರ ಹೊಣೆ ಬೀಳುತ್ತದೆ. ಬೇಗೂರು, ಕಾಡುಗೋಡಿಗಳ ಕಲ್ಲುಗಳನ್ನು ಓದಿದವರ ಮೇಲೂ ಅಂಥದೇ ಹೊಣೆಯಿದೆ. ಓದಿದ ಕಲ್ಲನ್ನು ಮುಂದೆ ಓದಬರುವವರಿಗಾಗಿ ಇದ್ದ ಜಾಗದಲ್ಲಿಯೇ, ಇದ್ದ ಹಾಗೆಯೇ ಉಳಿಸಬೇಕು.