ಒಂದೇ ಅಳತೆ, ಒಂದೇ ಬೆಲೆ

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಮಹಿಳಾ ಸದಸ್ಯರ ಸಮಾವೇಶದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾವು ಎಸ್ಸೆಸ್ಸೆಲ್ಸಿವರೆಗೆ ಓದಿದ ಬೇಸಾಯಗಾರರು. ದೊಡ್ಡ ವಿದ್ವಾಂಸರ ಹಾಗೆ ಮಾತಾಡಲು ಬರುವುದಿಲ್ಲ. ದುಡಿಯುವ ಹೆಣ್ಣುಮಕ್ಕಳ ಕೂಲಿ, ಸಂಬಳ, ಬಡ್ತಿ ಈ ವಿಷಯದ ಮೇಲೆ ನಾಲ್ಕು ಮಾತು ಹೇಳಿ ಎಂದು ಆಡಳಿತ ಮಂಡಳಿಯವರು ಅಪ್ಪಣೆ ಮಾಡಿದ್ದಾರೆ. ತಿಳಿದಷ್ಟು ಹೇಳುತ್ತೇವೆ.

ಮೊದಲು ನಮ್ಮ ಡೈರಿಯ ಲೆಕ್ಕವನ್ನೇ ತೆಗೆದುಕೊಳ್ಳೋಣ. ಬೆಳಿಗ್ಗೆ ಕ್ಯಾನು, ಚೊಂಬು ಹಿಡಿದು ಸಾಲಲ್ಲಿ ನಿಲ್ಲುತ್ತೀವಿ. ಡಿಗ್ರಿ ನೋಡುತ್ತಾರೆ, ಫ್ಯಾಟ್ ನೋಡುತ್ತಾರೆ, ಲೀಟರ್ ಬರೆಯುತ್ತಾರೆ. ಹಾಲು ತಂದವರು ಗಂಡಸೋ ಹೆಂಗಸೋ, ದೊಡ್ಡ ಮನೆಯವರೋ ಗುಡಿಸಲಿನವರೋ ಎಂದು ಯಾರೂ ಕೇಳುವುದಿಲ್ಲ. ಹಾಲಿನ ಗುಣಕ್ಕೆ ಬೆಲೆ, ತಂದವರ ಮುಖಕ್ಕಲ್ಲ. ಇದೇ ಸಹಕಾರ ತತ್ವ. ಇಷ್ಟು ಒಳ್ಳೆಯ ನ್ಯಾಯ ಡೈರಿಯ ಬಾಗಿಲ ಒಳಗೆ ಇದೆ. ಅದೇ ಬಾಗಿಲು ದಾಟಿ ಗದ್ದೆಗೆ ಹೋದರೆ ಗಂಡಾಳಿಗೆ ಒಂದು ಕೂಲಿ, ಹೆಣ್ಣಾಳಿಗೆ ಒಂದು ಕೂಲಿ! ಇದು ಯಾವ ಲೆಕ್ಕ ಸ್ವಾಮಿ?

"ಗಂಡಸು ಭಾರ ಹೊರುತ್ತಾನೆ, ಉಳುತ್ತಾನೆ, ಅದಕ್ಕೆ ಜಾಸ್ತಿ" ಅಂತ ಹಿರಿಯರು ಹೇಳ್ತಾರೆ. ಒಪ್ಪೋಣ. ಆದರೆ ಈಗ ಉಳುವುದು ಟ್ರ್ಯಾಕ್ಟರು, ಟಿಲ್ಲರು. ನಾಟಿ ಹಾಕುವವರು ಯಾರು? ಬೆಳಿಗ್ಗೆಯಿಂದ ಸಂಜೆವರೆಗೆ ಕೆಸರಲ್ಲಿ ಬಗ್ಗಿ ನಿಂತು, ಸೊಂಟ ಎತ್ತದೆ ಪೈರು ನೆಡುವ ಕೆಲಸ ಹಗುರವೇ? ನಂಬಿಕೆ ಇಲ್ಲದವರು ಒಂದು ದಿನ ಸಾಲು ಹಿಡಿದು ನೋಡಿ. ಕೈ ಕೆಸರಾದರೆ ಬಾಯಿ ಮೊಸರು ಅಂತ ಗಾದೆ. ಇಲ್ಲಿ ಕೆಸರಾಗುವ ಕೈ ಒಂದು, ಮೊಸರು ಉಣ್ಣುವ ಬಾಯಿ ಇನ್ನೊಂದು ಆದರೆ ಹೇಗೆ?

ಇದು ಬರೀ ಧರ್ಮದ ಮಾತಲ್ಲ, ಕಾನೂನಿನ ಮಾತೂ ಹೌದು. ಸಮಾನ ಕೆಲಸಕ್ಕೆ ಗಂಡಿಗೂ ಹೆಣ್ಣಿಗೂ ಸಮಾನ ವೇತನ ಎಂದು ನಮ್ಮ ಸಂವಿಧಾನದ 39ನೇ ವಿಧಿಯೇ ಹೇಳುತ್ತದೆ. 1976ರಲ್ಲಿ ಸಮಾನ ವೇತನ ಕಾಯ್ದೆ ಬಂತು. 1987ರಲ್ಲಿ ಅದಕ್ಕೆ ತಿದ್ದುಪಡಿಯಾಗಿ ಬಡ್ತಿ, ತರಬೇತಿ, ವರ್ಗಾವಣೆಯಲ್ಲೂ ಭೇದ ಮಾಡಕೂಡದು ಎಂದಾಯಿತು. ಈಗ ಆ ಕಾಯ್ದೆ 2019ರ ವೇತನ ಸಂಹಿತೆಯೊಳಗೆ ಸೇರಿದೆ. 2025ರ ನವೆಂಬರ್ 21ರಿಂದ ಸಂಹಿತೆ ಜಾರಿಗೆ ಬಂದಿದೆ. ಇದರಲ್ಲಿ ಒಂದು ಜಾಣತನದ ಮಾತಿದೆ: ಸಮ ಮಾಡುವ ನೆಪದಲ್ಲಿ ಯಾರ ಕೂಲಿಯನ್ನೂ ಇಳಿಸುವಂತಿಲ್ಲ. ಅಂದರೆ ಗಂಡಾಳಿನದು ಇಳಿಸಿ ಸಮ ಮಾಡುವುದಲ್ಲ, ಹೆಣ್ಣಾಳಿನದು ಏರಿಸಿ ಸಮ ಮಾಡಬೇಕು.

"ನಮಗೇ ಬೆಳೆಗೆ ಬೆಲೆ ಇಲ್ಲ, ಎಲ್ಲಿಂದ ತಂದು ಕೊಡೋದು?" ಎಂದು ರೈತ ಬಂಧುಗಳು ಕೇಳಬಹುದು. ಬೇಸಾಯಗಾರರಾದ ನಮಗೂ ಆ ನೋವು ಗೊತ್ತು. ಇಂಥದೇ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆಯೂ ಬಂದಿತ್ತು. ಮೆಕಿನನ್ ಮೆಕೆಂಜಿ ಎಂಬ ಕಂಪನಿಯಲ್ಲಿ ಹೆಂಗಸರಾದ ಸ್ಟೆನೋಗ್ರಾಫರುಗಳಿಗೆ ಗಂಡಸರಿಗಿಂತ ಕಡಿಮೆ ಸಂಬಳ. ಆಡ್ರಿ ಡಿಕೋಸ್ಟಾ ಎಂಬಾಕೆ ಕೇಸು ಹಾಕಿದರು. ನಮಗೆ ಕೊಡುವ ಶಕ್ತಿ ಇಲ್ಲ ಎಂದು ಕಂಪನಿ ವಾದಿಸಿತು. ಶಕ್ತಿ ಇಲ್ಲ ಎಂಬುದು ಭೇದ ಮಾಡುವುದಕ್ಕೆ ಕಾರಣವಾಗದು ಎಂದು 1987ರಲ್ಲಿ ಕೋರ್ಟು ತೀರ್ಪು ಕೊಟ್ಟಿತು. ಬೆಲೆ ಬೇಕಾದರೆ ಸರ್ಕಾರವನ್ನು ಕೇಳೋಣ, ಮಾರುಕಟ್ಟೆಯನ್ನು ಕೇಳೋಣ. ನಮ್ಮ ನಷ್ಟವನ್ನು ಪಕ್ಕದ ಮನೆಯ ಹೆಣ್ಣುಮಗಳ ಕೂಲಿಯಲ್ಲಿ ಮುರಿದುಕೊಳ್ಳುವುದು ನ್ಯಾಯವಲ್ಲ.

ಇನ್ನು ಪೇಟೆಯ ಕಡೆ ನೋಡೋಣ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಊರಿನ ಹೆಣ್ಣುಮಕ್ಕಳು ಬಸ್ಸು ಚಾರ್ಜಿನ ಚಿಂತೆ ಇಲ್ಲದೆ ಮೈಸೂರಿಗೆ ಕೆಲಸಕ್ಕೆ ಹೋಗಿಬರುತ್ತಿದ್ದಾರೆ. ಗಾರ್ಮೆಂಟು, ಅಂಗಡಿ, ಆಸ್ಪತ್ರೆ, ಮನೆಗೆಲಸ ಹೀಗೆ ಎಲ್ಲಾ ಕಡೆ ಇದ್ದಾರೆ. ಮೈಸೂರು ಹೆಣ್ಣುಮಕ್ಕಳಿಗೆ ಹೊಸ ಊರಲ್ಲ. ಮಹಾರಾಜರ ಕಾಲದಲ್ಲಿ, 1881ರಲ್ಲೇ, ಅಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾಯಿತು. ಅದೇ ಬೆಳೆದು ಮಹಾರಾಣಿ ಕಾಲೇಜಾಯಿತು. 2016ರಲ್ಲಿ ಸ್ವಚ್ಛ ನಗರ ಎಂದು ಮೈಸೂರಿಗೆ ದೇಶದಲ್ಲೇ ಮೊದಲ ಸ್ಥಾನ ಬಂದಾಗ ನಾವೆಲ್ಲ ಎದೆ ಉಬ್ಬಿಸಿದೆವು. ಕತ್ತಲು ಹರಿಯುವ ಮುಂಚೆ ಬೀದಿ ಗುಡಿಸಿದವರಲ್ಲಿ ಎಷ್ಟೋ ಮಂದಿ ಹೆಂಗಸರು. ಊದಿನಕಡ್ಡಿ ಎಂದರೆ ಮೈಸೂರು ಎಂದು ಲೋಕವೇ ಹೇಳುತ್ತದೆ. ಆ ಕಡ್ಡಿಯನ್ನು ಮನೆಯಲ್ಲಿ ಕೂತು ಹೊಸೆದವರೂ ಹೆಂಗಸರೇ. ಬೀಡಿ ಕಟ್ಟುವವರದೂ ಹಾಗೆಯೇ, ಸಾವಿರಕ್ಕೆ ಇಷ್ಟು ಎಂದು ಲೆಕ್ಕ. ಮನೆಯಲ್ಲಿ ಮಾಡುವ ಕೆಲಸಕ್ಕೆ ಹಾಜರಿ ಇಲ್ಲ, ರಜೆ ಇಲ್ಲ, ಬಡ್ತಿ ಮೊದಲೇ ಇಲ್ಲ.

ಅಂಗನವಾಡಿ ನೋಡಿ. 1975ರ ಅಕ್ಟೋಬರ್ 2ರಂದು ಆ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ನಮ್ಮದೇ ಜಿಲ್ಲೆಯ ತಿ. ನರಸೀಪುರಕ್ಕೆ. ಅಂದಿನಿಂದ ನಮ್ಮ ಮಕ್ಕಳಿಗೆ ಅನ್ನ, ಅಕ್ಷರ ಕೊಟ್ಟವರು ಆ ಅಕ್ಕಂದಿರು. ಅವರಿಗೆ ಕೊಡುವುದನ್ನು ಸಂಬಳ ಅನ್ನುವುದಿಲ್ಲ, ಗೌರವಧನ ಅಂತಾರೆ. ಗೌರವ ದೊಡ್ಡದು, ಧನ ಚಿಕ್ಕದು! ಅವರಿಗೆ ಗ್ರಾಚ್ಯುಟಿ ಹಕ್ಕು ಇದೆ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2022ರಲ್ಲಿ. ಅಷ್ಟು ವರ್ಷ ಬೇಕಾಯಿತು.

ಸಂಬಳ ಒಂದು ಕಡೆ, ಮೇಲೇರುವುದು ಇನ್ನೊಂದು ಕಡೆ. ಪಕ್ಕದ ಕೊಡಗಿನ ವಿರಾಜಪೇಟೆಯ ಸಿ.ಬಿ. ಮುತ್ತಮ್ಮನವರ ಹೆಸರು ನಮ್ಮ ಹೆಣ್ಣುಮಕ್ಕಳಿಗೆ ಗೊತ್ತಿರಬೇಕು. 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆಗಿನ ನಿಯಮ ಏನು ಗೊತ್ತೇ? ಹೆಣ್ಣು ಅಧಿಕಾರಿ ಮದುವೆಯಾಗಬೇಕಾದರೆ ಸರ್ಕಾರದ ಅಪ್ಪಣೆ ಬೇಕು. ಮದುವೆಯಾದ ಮೇಲೆ ಸಂಸಾರದಿಂದ ಕೆಲಸ ಕೆಡುತ್ತದೆ ಎಂದು ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆ ಕೇಳಬಹುದು. ಗಂಡಸರಿಗೆ ಆ ಕಟ್ಟು ಇರಲಿಲ್ಲ. ಮುತ್ತಮ್ಮನವರು 1970ರಲ್ಲಿ ಹಂಗೇರಿ ದೇಶಕ್ಕೆ ರಾಯಭಾರಿಯಾದರು. ಆದರೂ ಮೇಲಿನ ದರ್ಜೆಗೆ ಬಡ್ತಿ ಕೊಡುವಾಗ ಅವರನ್ನು ಬಿಟ್ಟರು. ಸುಮ್ಮನಿರದೆ ಸುಪ್ರೀಂ ಕೋರ್ಟಿಗೆ ಹೋದರು. ಕೇಸು ನಡೆಯುವಾಗಲೇ ಬಡ್ತಿ ಬಂತು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ಬಡ್ತಿ ಕೊಟ್ಟಾಯಿತಲ್ಲ ಎಂದು ಸುಮ್ಮನಾಗದೆ, ಹೆಣ್ಣನ್ನು ಕೀಳು ಮಾಡುವ ನಿಯಮಗಳನ್ನು ತಿದ್ದಿಕೊಳ್ಳಿ ಎಂದು ಸರ್ಕಾರಕ್ಕೆ ತಿಳಿಸಿದರು. ಒಬ್ಬರು ಕೇಳಿದ್ದರಿಂದ ಹಿಂದೆ ಬಂದವರೆಲ್ಲರಿಗೂ ದಾರಿಯಾಯಿತು.

ಹೆಣ್ಣಿನ ಸಂಬಳ ಹಿಂದೆ ಬೀಳುವುದು ಎಲ್ಲಿ? ಅಮೆರಿಕದ ಕ್ಲಾಡಿಯಾ ಗೋಲ್ಡಿನ್ ಎಂಬ ವಿದ್ವಾಂಸೆ ಇದನ್ನೇ ಅಭ್ಯಾಸ ಮಾಡಿ 2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಹುಮಾನ ಪಡೆದರು. ಒಂದೇ ಓದು, ಒಂದೇ ಕೆಲಸ ಇದ್ದವರಲ್ಲೂ ಮೊದಲ ಮಗು ಆದ ಮೇಲೆ ಹೆಣ್ಣಿನ ಸಂಪಾದನೆ ಹಿಂದೆ ಬೀಳುತ್ತದೆ ಎಂದು ಆಕೆ ತೋರಿಸಿದರು. ನಮ್ಮಲ್ಲಿ 2017ರಲ್ಲಿ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. ಒಳ್ಳೆಯದೇ. ಆದರೆ ರಜೆ ಮುಗಿದ ಮೇಲೆ ಮಗು ನೋಡಿಕೊಳ್ಳುವವರು ಯಾರು? ಅದಕ್ಕೆ ಕಾನೂನು ಬೇಡ, ಅತ್ತೆ, ಮಾವ, ಗಂಡ ಮನಸ್ಸು ಮಾಡಿದರೆ ಸಾಕು. ರಾತ್ರಿ ಸಾರು ಬಿಸಿ ಮಾಡಿಕೊಂಡರೆ ಗಂಡಸಿನ ಮೀಸೆ ಮಣ್ಣಾಗುವುದಿಲ್ಲ.

1975ರ ಅಕ್ಟೋಬರ್ 24ರಂದು ಐಸ್‌ಲ್ಯಾಂಡ್ ಎಂಬ ಸಣ್ಣ ದೇಶದಲ್ಲಿ ನೂರಕ್ಕೆ 90 ಮಂದಿ ಹೆಂಗಸರು ಒಂದು ದಿನ ಮನೆಗೆಲಸವನ್ನೂ ಹೊರಗೆಲಸವನ್ನೂ ನಿಲ್ಲಿಸಿದರಂತೆ. ದೇಶವೇ ನಿಂತುಹೋಯಿತು. ಇಲ್ಲಿ ಒಂದು ಬೆಳಿಗ್ಗೆ ತಾಯಂದಿರು ಕೈ ಕಟ್ಟಿ ಕೂತರೆ ನಮ್ಮ ಡೈರಿಗೆ ಎಷ್ಟು ಲೀಟರ್ ಹಾಲು ಬಂದೀತು? ನೀವೇ ಲೆಕ್ಕ ಹಾಕಿ.

ಆದ್ದರಿಂದ ಮುಂದಿನ ಸರ್ವಸದಸ್ಯರ ಸಭೆಯ ಮುಂದೆ ನಾವು ನಾಲ್ಕು ವಿಷಯ ಇಡುತ್ತೇವೆ.

ಒಂದು, ಹುಲ್ಲು ಹಾಕಿ, ಸಗಣಿ ಬಾಚಿ, ಹಾಲು ಕರೆಯುವವರು ಯಾರೋ ಅವರ ಹೆಸರಿಗೆ ಸದಸ್ಯತ್ವ ಆಗಲಿ. ಹೆಸರಿದ್ದರೆ ಓಟು, ಬೋನಸ್ಸು, ಸಾಲ ಎಲ್ಲದಕ್ಕೂ ಹಕ್ಕು.

ಎರಡು, ಸಂಘದಲ್ಲಿ ಸಹಾಯಕರು, ಹಾಲು ಪರೀಕ್ಷಕರು, ಕಾರ್ಯದರ್ಶಿ ಯಾವ ಜಾಗ ಖಾಲಿಯಾದರೂ ಹೆಣ್ಣುಮಕ್ಕಳೂ ಅರ್ಜಿ ಹಾಕಲಿ. ಕೆಲಸಕ್ಕೆ ಒಂದೇ ಸಂಬಳ. ತರಬೇತಿಗೆ ಕಳಿಸುವಾಗ ಹೆಂಗಸರಿಗೂ ಸರದಿ ಬರಲಿ. ತರಬೇತಿ ಇಲ್ಲದವರಿಗೆ ಬಡ್ತಿ ಹೇಗೆ ಬಂದೀತು?

ಮೂರು, ಆಡಳಿತ ಮಂಡಳಿಯ ಸಭೆ ಹಗಲು ಹೊತ್ತು ನಡೆಯಲಿ. ಮಹಿಳಾ ನಿರ್ದೇಶಕರ ಕುರ್ಚಿಯಲ್ಲಿ ಅವರೇ ಕೂರಲಿ, ರುಜು ಅವರೇ ಹಾಕಲಿ, ಮಾತೂ ಅವರೇ ಆಡಲಿ. ಯಜಮಾನರು ಆ ಹೊತ್ತು ಎಮ್ಮೆ ನೋಡಿಕೊಳ್ಳಲಿ.

ನಾಲ್ಕು, ಒಂದೇ ಹೊತ್ತು, ಒಂದೇ ಥರದ ಕೆಲಸ ಇದ್ದ ಕಡೆ ಗದ್ದೆ ಕೂಲಿ ಒಂದೇ ಆಗಲಿ. ಇದನ್ನು ಮೊದಲು ಸಂಘದ ನಿರ್ದೇಶಕರ ಹೊಲಗಳಿಂದಲೇ ಶುರು ಮಾಡೋಣ. ಊರಿಗೆ ಬುದ್ಧಿ ಹೇಳುವವರು ಮುಂದೆ ನಡೆಯಬೇಕು.

ಮೈಸೂರಿಗೆ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಒಂದು ಕಿವಿಮಾತು. ತಿಂಗಳಿಗೊಂದು ಸಂಬಳದ ಚೀಟಿ ಕೇಳಿ ಪಡೆಯಿರಿ. ಪಿ.ಎಫ್., ಇ.ಎಸ್.ಐ. ಮುರಿದುಕೊಂಡಿದ್ದರೆ ಅದು ಕಟ್ಟಿದೆಯೇ ನೋಡಿ. ಪಕ್ಕದಲ್ಲಿ ಅದೇ ಕೆಲಸ ಮಾಡುವವರಿಗೆ ಎಷ್ಟು ಬರುತ್ತದೆ ವಿಚಾರಿಸಿ. ಒಬ್ಬರೇ ಕೇಳಲು ಹೆದರಿಕೆಯಾದರೆ ಹತ್ತು ಜನ ಸೇರಿ ಕೇಳಿ. ಹತ್ತು ಜನ ಸೇರಿ ಕೇಳುವುದಕ್ಕೇ ಸಹಕಾರ ಅನ್ನುವುದು.

1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಬಡವನಿಗೂ ಒಂದು ಲೆಕ್ಕ ಇರಲಿ ಎಂಬುದೇ ಆಸೆ. ನಮ್ಮ ಸಂಘಕ್ಕೆ 25 ತುಂಬಿದೆ. ಹಾಲಿಗೆ ಹಾಕಿದ ಅಳತೆಯನ್ನೇ ಮುಂದಿನ 25 ವರ್ಷ ದುಡಿಮೆಗೂ ಹಾಕೋಣ.

ಜೈ ಸಹಕಾರ. ಜೈ ಕರ್ನಾಟಕ.